ನೀರು ಬೀಳುವಾಗ ನಿಲ್ಲಿಸಬಾರದು

ಮೂರನೆಯ ಸಾಲಿನ ನಡುವೆ ಲೂಪೆ ತಡವರಿಸಿ ನಿಂತಳು. ಲೋಸ ಐಸ್‌ಕ್ರೀಮಿನ ಹಳೆಯ ಡಬ್ಬಿಯನ್ನು ಕೊಳದಲ್ಲಿ ಅದ್ದಿ, ಮೊಮ್ಮಗಳ ನೆತ್ತಿಯ ಮೇಲೆ ಮತ್ತೊಮ್ಮೆ ನೀರು ಹೊಯ್ದಳು.

"ಮೊದಲಿಂದ ಹೇಳು."

"ಕಣ್ಣಿಗೆ ಸೋಪು ಹೋಯ್ತು ಅಜ್ಜಿ."

"ಪಾಠ ಕಣ್ಣಲ್ಲಿ ಹೇಳ್ತಾರಾ? ಬಾಯಿಗೇನಾಗಿದೆ?"

"ಬಾಯಿಗೂ ಹೋಯ್ತು."

ಪಕ್ಕದ ಕಲ್ಲಿನ ಮೇಲೆ ಬಟ್ಟೆ ಉಜ್ಜುತ್ತಿದ್ದ ಎಪಿ ನಕ್ಕಳು. ಅವಳೂ ಲೋಸಳೂ ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದವರು. ನಲವತ್ತು ವರ್ಷಗಳಿಂದ ಅಕ್ಕಪಕ್ಕದ ಕಲ್ಲುಗಳ ಮೇಲೆ ಬಟ್ಟೆ ಒಗೆಯುತ್ತಿದ್ದರು. "ಇವಳು ನಿನ್ನ ಮೊಮ್ಮಗಳೇ ಕಣೆ, ಅನುಮಾನ ಬೇಡ," ಎಂದಳು. "ಉತ್ತರಕ್ಕೆ ಯಾರನ್ನೂ ಕಾಯಿಸೋಲ್ಲ."

ಸಮುದ್ರ ಇಳಿದಿತ್ತು. ಸವಾಯಿ ದ್ವೀಪದ ಆ ಊರಿನಲ್ಲಿ ಸಿಹಿನೀರು ಕಡಲಿನ ಅಂಚಿನಲ್ಲೇ, ಕರಿಗಲ್ಲುಗಳ ಬುಡದಿಂದ ಉಕ್ಕುತ್ತದೆ. ಉಬ್ಬರ ಬಂದಿತೆಂದರೆ ಕೊಳದ ನೀರು ಉಪ್ಪಾಗುತ್ತದೆ. ಸ್ನಾನ, ಬಟ್ಟೆ, ಹರಟೆ ಎಲ್ಲವೂ ಅಷ್ಟರೊಳಗೆ ಮುಗಿಯಬೇಕು. ಅಂದು ಶನಿವಾರ, ಮರುದಿನ ಬಿಳಿ ಭಾನುವಾರ. ವರ್ಷಕ್ಕೊಂದು ದಿನ ಚರ್ಚು ಪೂರ್ತಿ ಮಕ್ಕಳ ಕೈಗೆ ಬರುತ್ತದೆ. ಅವರು ಬಿಳಿ ಬಟ್ಟೆ ತೊಟ್ಟು ಎಲ್ಲರೆದುರು ನಿಂತು ಬಾಯಿಪಾಠ ಒಪ್ಪಿಸುತ್ತಾರೆ, ಮನೆಗೆ ಬಂದ ಮೇಲೆ ದೊಡ್ಡವರಿಗಿಂತ ಮೊದಲು ಊಟಕ್ಕೆ ಕೂರುತ್ತಾರೆ. ಹಾಗಾಗಿ ಕೊಳದ ತುಂಬ ನೊರೆ ಮೆತ್ತಿದ ತಲೆಗಳು. ಸೊಂಟದೆತ್ತರದ ಕಲ್ಲುಗೋಡೆಯ ಆಚೆ, ಗಂಡಸರ ಭಾಗದಲ್ಲಿ, ಯಾರೋ ಹಾಡಿನ ಒಂದೇ ಸಾಲನ್ನು ತಪ್ಪು ಶ್ರುತಿಯಲ್ಲಿ ಮತ್ತೆ ಮತ್ತೆ ಹಾಡುತ್ತಿದ್ದರು.

ನೀರು ಹೊಯ್ಯುತ್ತ ಪಾಠ ಹೇಳಿಸುವುದು ಲೋಸಳದೇ ಪದ್ಧತಿ. ಅವಳ ಮೊದಲ ಮಗ ಐದು ವರ್ಷದವನಿದ್ದಾಗ ಚರ್ಚಿನಲ್ಲಿ ಎದ್ದು ನಿಂತು ಎರಡು ಸಾಲು ಹೇಳಿದ್ದ. ಅಷ್ಟರಲ್ಲಿ ತಗಡಿನ ಮಾಡಿನ ಮೇಲೆ ತೆಂಗಿನಕಾಯಿ ಬಿತ್ತು. ಜನ ನಕ್ಕರು. ಹುಡುಗ ಬಾಯಿ ತೆರೆದುಕೊಂಡು ಹಾಗೇ ನಿಂತ, ಆಮೇಲೆ ಅಳುತ್ತ ಓಡಿ ಬಂದು ಅವಳ ಮಡಿಲಲ್ಲಿ ಮುಖ ಹುದುಗಿಸಿದ. ಆ ರಾತ್ರಿಯಿಡೀ ಲೋಸ ಯೋಚಿಸಿ ಒಂದು ತೀರ್ಮಾನಕ್ಕೆ ಬಂದಿದ್ದಳು: ತಲೆಯ ಮೇಲೆ ನೀರು ಬೀಳುತ್ತಿರುವಾಗಲೂ ಮಾತು ನಿಲ್ಲಿಸದ ಮಗು ಇನ್ನು ಯಾವುದಕ್ಕೂ ನಿಲ್ಲಿಸುವುದಿಲ್ಲ. ಅಲ್ಲಿಂದ ಈಚೆಗೆ ಆರು ಮಕ್ಕಳು, ಒಂಬತ್ತು ಮೊಮ್ಮಕ್ಕಳು ಈ ಕಲ್ಲಿನ ಮೇಲೆ ಕೂತು ಪಾಠ ಗಟ್ಟಿ ಮಾಡಿದ್ದರು. ಒಬ್ಬರೂ ಚರ್ಚಿನಲ್ಲಿ ತಡವರಿಸಿರಲಿಲ್ಲ. ಪಾದ್ರಿಯ ಹೆಂಡತಿ ಅರ್ಥ ಕಲಿಸುತ್ತಿದ್ದಳು, ಕೈ ಎಲ್ಲಿ ಎತ್ತಬೇಕು ಎಂದು ತೋರಿಸುತ್ತಿದ್ದಳು. ಮಿಕ್ಕದ್ದು ಕೊಳದಲ್ಲಿ ಆಗುತ್ತಿತ್ತು. ಅಕ್ಕಪಕ್ಕದ ಮನೆಯವರೂ ತಮ್ಮ ಪುಕ್ಕಲು ಮಕ್ಕಳನ್ನು ಅವಳ ಬಳಿ ಕಳಿಸುವುದುಂಟು.

ಒಪ್ಪದವಳು ಸಿಯೇನಿ ಒಬ್ಬಳೇ, ಲೂಪೆಯ ತಾಯಿ. ಅವಳು ಜಲಸಂಧಿಯ ಆಚೆಯ ಪಟ್ಟಣದವಳು. ಲೋಸಳ ಕಿರಿಯ ಮಗ ದೋಣಿಯ ಕೆಲಸಕ್ಕೆಂದು ಆಚೆ ದಡಕ್ಕೂ ಈಚೆ ದಡಕ್ಕೂ ಓಡಾಡುತ್ತ ಅವಳನ್ನು ಕಂಡು ಕರೆತಂದಿದ್ದ. "ಅತ್ತೆ, ತಲೆ ತೊಳೆಯೋವಾಗ ಮಗು ಬಾಯಿ ಮುಚ್ಕೊಂಡಿರಲಿ," ಎಂದು ಅವಳು ಹೋದ ತಿಂಗಳು ಒಮ್ಮೆ ಹೇಳಿದ್ದಳು. "ಬಾಯಿ ಮುಚ್ಕೊಂಡು ಪಾಠ ಹೇಳೋ ಮಗು ನಿಮ್ಮ ಪಟ್ಟಣದಲ್ಲಿದ್ರೆ ಕರಕೊಂಡು ಬಾ, ನಾನೂ ನೋಡ್ತೀನಿ," ಎಂದಿದ್ದಳು ಲೋಸ. ಮನೆಯಲ್ಲಿದ್ದವರೆಲ್ಲ ನಕ್ಕಿದ್ದರು. ಸಿಯೇನಿಯೂ ನಕ್ಕಿದ್ದಳು. ಆ ಮಾತನ್ನು ಮತ್ತೆ ಎತ್ತಿರಲಿಲ್ಲ.

ಲೂಪೆ ಮೊದಲಿಂದ ಶುರುಮಾಡಿದಳು. ನಾಲ್ಕು ವರ್ಷದ ಮಗುವಿಗೆ ನಾಲ್ಕು ಸಾಲು, ವರ್ಷಕ್ಕೊಂದರಂತೆ ಎಂದು ಪಾದ್ರಿಯ ಹೆಂಡತಿ ಕೊಟ್ಟಿದ್ದಳು. ಲೋಸ ನೀರು ಹೊಯ್ಯುತ್ತಿದ್ದಳು, ಒಂದು ಕೈಯಲ್ಲಿ ಡಬ್ಬಿ, ಇನ್ನೊಂದು ಕೈ ಆ ದಟ್ಟ ಕೂದಲೊಳಗೆ. ಮೊದಲ ಸಾಲು ಹೋಯಿತು. ಎರಡನೆಯದು ಹೋಯಿತು. ಮೂರನೆಯದರಲ್ಲಿ ಈ ಸಲ ನಿಲ್ಲಲಿಲ್ಲ. ನಾಲ್ಕನೆಯ ಸಾಲು ಉದ್ದವಾಗಿತ್ತು. ಅದನ್ನು ಒಂದೇ ಉಸಿರಿಗೆ ಮುಗಿಸಿಬಿಡಬೇಕೆಂದು ಮಗು ತಲೆಯನ್ನು ಹಿಂದಕ್ಕೆ ಚೆಲ್ಲಿ, ಬಾಯಿ ಪೂರ್ತಿ ತೆರೆದು, ಎದೆ ತುಂಬ ಗಾಳಿ ಎಳೆದುಕೊಂಡಿತು. ಸರಿಯಾಗಿ ಆಗಲೇ ತುಂಬಿದ ಡಬ್ಬಿ ಮುಖದ ಮೇಲೆ ಬಗ್ಗಿತು.

ಆಮೇಲೆ ಸದ್ದೇ ಇಲ್ಲ.

ಲೋಸ ಇನ್ನೂ ನಾಲ್ಕನೆಯ ಸಾಲಿಗೆ ಕಾಯುತ್ತಿದ್ದಳು. ಲೂಪೆಯ ಬಾಯಿ ತೆರೆದೇ ಇತ್ತು, ಕಣ್ಣುಗಳು ಅರಳಿದ್ದವು, ಎರಡು ಕೈಗಳು ಗಾಳಿಯಲ್ಲಿ ಏನನ್ನೋ ಹಿಡಿಯಲು ಹೋಗುತ್ತಿದ್ದವು. ಎಪಿಯ ಕೈಯಿಂದ ಬಟ್ಟೆ ಜಾರಿ ನೀರಿಗೆ ಬಿತ್ತು. ಲೋಸ ಮಗುವನ್ನು ಎತ್ತಿ, ಕಾಲು ಹಿಡಿದು ತಲೆಕೆಳಗೆ ಮಾಡಿ, ಬೆನ್ನಿಗೆ ತಟ್ಟಿದಳು. ಒಂದು, ಎರಡು, ಮೂರು. ಮೂಗಿನಿಂದ ನೊರೆ ಬಂತು, ಬಾಯಿಂದ ನೀರು ಬಂತು, ಬೆಳಿಗ್ಗೆ ತಿಂದ ಬಾಳೆಹಣ್ಣು ಬಂತು. ಆಮೇಲೆ ಕೆಮ್ಮು. ಕೆಮ್ಮಿನ ಬೆನ್ನಿಗೇ ಇಡೀ ಕೊಳ ತಿರುಗಿ ನೋಡುವಂಥ ಅಳು.

"ಅತ್ತಳಲ್ಲ, ಇನ್ನೇನಿಲ್ಲ ಬಿಡು," ಎಂದಳು ಎಪಿ. "ಅಷ್ಟು ಗಂಟಲಿರೋ ಮಗೂಗೆ ಏನಾಗುತ್ತೆ?"

"ಹೌದು," ಎಂದಳು ಲೋಸ. ಮಗುವನ್ನು ಎದೆಗೆ ಒತ್ತಿ ಹಿಡಿದೇ ಇದ್ದಳು.

"ಸಿಯೇನಿಗೆ ಹೇಳೋಕೆ ಹೋಗ್ಬೇಡ. ಹೇಳಿದ್ಯೋ, ಮುಂದಿನ ವಾರದಿಂದ ಮಗೂಗೆ ಬಾಟಲಿ ನೀರಲ್ಲಿ ಸ್ನಾನ."

ಲೋಸ ನಕ್ಕಳು. ನಗು ಬಂದದ್ದು ಅವಳಿಗೇ ಹಾಯೆನಿಸಿತು.

ಮನೆಯಲ್ಲಿ ಸಿಯೇನಿ ಕೈಯಿಂದ ತಿರುಗಿಸುವ ಹೊಲಿಗೆ ಯಂತ್ರದ ಮುಂದೆ ಕಾಲು ಮಡಚಿ ಕೂತು, ಬಿಳಿ ಉಡುಪಿನ ತೋಳಿಗೆ ಕಸೂತಿಯ ಅಂಚು ಕೂಡಿಸುತ್ತಿದ್ದಳು. ಗೋಡೆಗಳಿಲ್ಲದೆ ನಾಲ್ಕು ಕಡೆಯೂ ತೆರೆದಿದ್ದ ಮನೆಯೊಳಗೆ ಕಡಲ ಗಾಳಿ ಬರುತ್ತಿತ್ತು. ಬಟ್ಟೆ ಹಾರದಂತೆ ಅದರ ಮೇಲೆ ಒಂದು ಬಿಸ್ಕತ್ತಿನ ಡಬ್ಬಿ ಇಟ್ಟಿದ್ದಳು.

"ಕಣ್ಣು ಯಾಕೆ ಇಷ್ಟು ಕೆಂಪಗಿದೆ?" ಎಂದು ಕೇಳಿದಳು.

"ಸೋಪು ಹೋಯ್ತು," ಎಂದಳು ಲೋಸ.

ಅದು ಸುಳ್ಳಾಗಿರಲಿಲ್ಲ. ಸೋಪು ಹೋಗಿದ್ದೂ ನಿಜ, ಮಗುವೇ ಹೇಳಿತ್ತು. ಲೋಸ ಚಾಪೆಯ ಮೇಲೆ ಲೂಪೆಯನ್ನು ಮಲಗಿಸಿ, ಅಂಗೈಗೆ ಕೊಬ್ಬರಿ ಎಣ್ಣೆ ಸುರಿದುಕೊಂಡು ಎದೆಗೂ ಬೆನ್ನಿಗೂ ಹಚ್ಚಿ ಮೆಲ್ಲಗೆ ತೀಡಿದಳು. ಊರಿನ ಅರ್ಧ ಮಕ್ಕಳು ಅವಳ ಅಂಗೈ ಕೆಳಗೆ ನಿದ್ದೆ ಹೋದವರೇ. ಲೂಪೆಯೂ ಹೋದಳು. ನಿದ್ದೆ ಒಳ್ಳೆಯದು ಎಂದುಕೊಂಡಳು ಲೋಸ. ಎಲೆಯಲ್ಲಿ ಸುತ್ತಿ ಬೇಯಿಸುವ ಅಡುಗೆಗೆ ನಾಳೆ ಬೇಕಾಗುವ ಕಾಯಿಗಳನ್ನು ತುರಿಯಲು ಮಣೆಯ ಮೇಲೆ ಹೋಗಿ ಕೂತಳು.

ಆರು ಕಾಯಿ ತುರಿದ ಮೇಲೆ ಮಗು ಕೆಮ್ಮಿತು. ಸಣ್ಣ, ಒಣ ಕೆಮ್ಮು. ಲೋಸ ಕೈ ನಿಲ್ಲಿಸಿ ಕೇಳಿದಳು. ಯಂತ್ರದ ಕಟಕಟ ಸದ್ದು ಮುಂದುವರಿದಿತ್ತು. ಅವಳೂ ತುರಿಯತೊಡಗಿದಳು. ಎಂಟನೆಯ ಕಾಯಿ ಮುಗಿಯುವ ಮೊದಲು ಕೆಮ್ಮು ಮತ್ತೆ ಬಂತು, ಹತ್ತನೆಯದಕ್ಕೆ ಇನ್ನೆರಡು ಸಲ. ಎದ್ದು ಹೋಗಿ ನೋಡಿದಳು. ಮಗುವಿನ ಮೂಗಿನ ಹೊಳ್ಳೆಗಳು ಅರಳಿ ಮುಚ್ಚುತ್ತಿದ್ದವು. ಪಕ್ಕೆಲುಬಿನ ಕೆಳಗಿನ ತೊಗಲು ಪ್ರತಿ ಉಸಿರಿಗೂ ಒಳಕ್ಕೆ ಸೇದಿಕೊಳ್ಳುತ್ತಿತ್ತು. ಓಡಿ ಬಂದ ಮಗು ಹಾಗೆ ಉಸಿರಾಡುತ್ತದೆ. ಇದು ಎರಡು ಗಂಟೆ ಕಾಲದಿಂದ ಮಲಗಿತ್ತು.

ಹೇಳಬೇಕು ಎಂದುಕೊಂಡಳು. ಮನೆಗೆ ಬಂದ ಕೂಡಲೇ ಹೇಳಿದ್ದರೆ ಅದು ಒಂದು ಸಣ್ಣ ಮಾತು; ನಗುತ್ತ ಹೇಳಿ ಮುಗಿಸಬಹುದಿತ್ತು. ಈಗ ಹೇಳಿದರೆ ಎರಡು ಗಂಟೆ ಹೇಳಲಿಲ್ಲ ಎನ್ನುವುದನ್ನೂ ಹೇಳಬೇಕು. ಇನ್ನೊಂದು ಗಂಟೆ ಹೋದರೆ ಇನ್ನಷ್ಟು. ಅವಳು ತಿರುಗಿ ಮಣೆಯ ಮೇಲೆ ಕೂತಳು. ತುರಿ ಬಟ್ಟಲು ತುಂಬಿ ಅಂಚಿನಿಂದ ಚಾಪೆಗೆ ಬೀಳುತ್ತಿದ್ದದ್ದು ಅವಳ ಗಮನಕ್ಕೆ ಬರಲಿಲ್ಲ.

ಸಿಯೇನಿ ದಾರ ಕಡಿದು ಉಡುಪನ್ನು ಕೊಡವಿ ಎತ್ತಿ ಹಿಡಿದಳು. "ಲೂಪೆ, ಏಳಮ್ಮ. ಒಂದ್ಸಲ ಹಾಕಿ ನೋಡೋಣ." ಮಗುವನ್ನು ಎಬ್ಬಿಸಿ ನಿಲ್ಲಿಸಿ ತಲೆಯ ಮೇಲಿಂದ ಉಡುಪು ತೊಡಿಸಿದಳು. ಒಂದು ವಾರದಿಂದ ಆ ಕಸೂತಿಯನ್ನು ಮುಟ್ಟಬೇಡ ಎಂದು ಹತ್ತು ಸಲ ಬೈಸಿಕೊಂಡಿದ್ದ ಮಗು ಈಗ ಅದರತ್ತ ನೋಡಲೂ ಇಲ್ಲ. ತಲೆ ತಾಯಿಯ ಭುಜಕ್ಕೆ ವಾಲಿತು.

"ಶೀತ ಆಗಿದೆ," ಎಂದಳು ಸಿಯೇನಿ, ಹಣೆ ಮುಟ್ಟಿ ನೋಡುತ್ತ. "ಆ ಕೊಳದ ನೀರು ಐಸು ಇದ್ದಂಗಿರುತ್ತೆ. ಕೆಮ್ಮಿನ ಸಿರಪ್ ಕೊಟ್ಟು ಮಲಗಿಸ್ತೀನಿ. ಸಂಜೆ ಅಭ್ಯಾಸಕ್ಕೆ ಎಬ್ಬಿಸಿದ್ರಾಯ್ತು."

ಅವಳು ಸಿರಪ್ ಬಾಟಲಿ ಹುಡುಕಲು ಪೆಟ್ಟಿಗೆಯತ್ತ ತಿರುಗಿದಳು.

"ಶೀತ ಅಲ್ಲ," ಎಂದಳು ಲೋಸ.

ಸಿಯೇನಿ ತಿರುಗಿ ನೋಡಿದಳು.

"ನೀರು ಒಳಗೆ ಹೋಗಿದೆ. ಕೊಳದಲ್ಲಿ. ಪಾಠ ಹೇಳ್ತಿದ್ಳು, ನಾನು ಹೊಯ್ದೆ. ಉಸಿರು ನಿಂತ್ಹೋಗಿತ್ತು ಸ್ವಲ್ಪ ಹೊತ್ತು. ಆಮೇಲೆ ಅತ್ತಳು, ಸರಿಹೋಯ್ತು ಅಂದ್ಕೊಂಡೆ." ಅವಳು ಕೈಗೆ ಅಂಟಿದ್ದ ತುರಿಯನ್ನು ಒರೆಸಿಕೊಂಡಳು. "ಸರಿ ಹೋಗಿಲ್ಲ. ಪಕ್ಕೆ ನೋಡು."

ಸಿಯೇನಿ ಉಡುಪನ್ನು ಎತ್ತಿ ಪಕ್ಕೆ ನೋಡಿದಳು. ಲೋಸ ಬೈಗುಳಕ್ಕೆ ಕಾದಳು. ಬೈದರೆ ಒಳ್ಳೆಯದಿತ್ತು, ಬೈಗುಳಕ್ಕೆ ಅವಳ ಬಳಿ ಉತ್ತರಗಳಿದ್ದವು. ಸಿಯೇನಿ ಫೋನನ್ನು ಸೊಂಟಕ್ಕೆ ಸಿಕ್ಕಿಸಿ, ಮಗುವನ್ನು ಹೆಗಲಿಗೆ ಹಾಕಿಕೊಂಡು, ಬರಿಗಾಲಲ್ಲೇ ರಸ್ತೆಯತ್ತ ನಡೆದಳು.

ಶನಿವಾರ ಮಧ್ಯಾಹ್ನದ ಮೇಲೆ ಬಸ್ಸಿಲ್ಲ. ಆದರೆ ಮೇಲಿನ ತೋಟದಿಂದ ಅದೇ ಊರಿನ ಫಾಲೆಯ ಪಿಕಪ್ ಇಳಿದು ಬರುತ್ತಿತ್ತು, ಹಿಂದೆ ಕೆಸುವಿನ ಗೆಡ್ಡೆಯ ಮೂಟೆಗಳು, ಕಾಲು ಕಟ್ಟಿದ ಒಂದು ಹಂದಿ.

"ಕಡೇ ಗಳಿಗೇಲಿ ಅಂಗಡಿಗೆ ಹೊರಟ್ರಾ?" ಎಂದ ಅವನು ಕಿಟಕಿಯಿಂದ ತಲೆ ಹಾಕಿ. "ರಿಬ್ಬನ್ ಖಾಲಿ ಅಂತೆ. ಇಡೀ ದ್ವೀಪದಲ್ಲಿ ಒಂದು ಮೊಳ ರಿಬ್ಬನ್ ಇಲ್ಲ."

"ಆಸ್ಪತ್ರೆಗೆ," ಎಂದಳು ಸಿಯೇನಿ.

ಫಾಲೆ ಮಗುವಿನ ಮುಖ ನೋಡಿ ಬಾಗಿಲು ತೆರೆದ. ತಾಯಿ ಮಗು ಮುಂದೆ ಕೂತರು. ಲೋಸಳಿಗೆ ಅಲ್ಲಿ ಜಾಗವಿರಲಿಲ್ಲ. "ದೊಡ್ಡಮ್ಮ, ನೀವು ಹಿಂದೆ ಹತ್ತಿ. ಹಂದಿ ಏನೂ ಮಾಡಲ್ಲ. ನಾಳೆ ವಿಷಯ ಅದಕ್ಕಿನ್ನೂ ಗೊತ್ತಿಲ್ಲ."

ಲೋಸ ಮೂಟೆಯ ಮೇಲೆ ಕೂತಳು. ಚರ್ಚುಗಳು ಒಂದಾದ ಮೇಲೊಂದು ಹಿಂದಕ್ಕೆ ಸರಿದವು. ಪ್ರತಿಯೊಂದರ ಮುಂದೆಯೂ ಹೆಂಗಸರು ಹೂವಿನ ಸರ ಕಟ್ಟುತ್ತಿದ್ದರು, ಯಾರ ಯಾರದೋ ಮಕ್ಕಳು ಸಾಲಾಗಿ ನಿಂತು ಅಭ್ಯಾಸ ಮಾಡುತ್ತಿದ್ದರು. ಅವಳು ಅವರನ್ನು ನೋಡಲಿಲ್ಲ. ಹಿಂಬದಿಯ ಗಾಜಿನೊಳಗಿಂದ ಕಾಣುತ್ತಿದ್ದ ಸೊಸೆಯ ಕುತ್ತಿಗೆಯನ್ನೂ ಅದರ ಮೇಲೆ ಒರಗಿದ್ದ ಒದ್ದೆ ತಲೆಯನ್ನೂ ನೋಡುತ್ತಿದ್ದಳು. ಸಿಯೇನಿ ಫೋನನ್ನು ಕಿವಿಗೆ ಹಿಡಿದು ಮಾತಾಡುತ್ತಿದ್ದಳು. ಆಕ್ಲೆಂಡಿನಲ್ಲಿರುವ ಅಕ್ಕನ ಜೊತೆಗಿರಬೇಕು. ಇವಳ ದವಡೆ ಅಲುಗುತ್ತಿದ್ದದ್ದು ಕಡಿಮೆ. ಆ ಕಡೆಯವಳೇ ಹೇಳುತ್ತಿದ್ದಳು. ತನ್ನ ಹೆಸರು ಆ ಮಾತಿನಲ್ಲಿ ಎಷ್ಟು ಸಲ ಬಂತೋ ಎಂದು ಲೋಸ ಯೋಚಿಸಿದಳು. ಹಂದಿ ಅವಳ ಪಾದಕ್ಕೆ ಮೂತಿ ಇಟ್ಟು ಸುಮ್ಮನೆ ಮಲಗಿತ್ತು.

ಆಸ್ಪತ್ರೆಯಲ್ಲಿ ಇದ್ದದ್ದು ಕೊಲೆಟಿ ಎಂಬ ಒಬ್ಬಳೇ ನರ್ಸು. ತುಂಬು ಮೈಯ ಹೆಂಗಸು, ಕಿವಿಯ ಹಿಂದೆ ಕೆಂಪು ಹೂವು. ಆಚೆ ಕೋಣೆಯಲ್ಲಿ ಇಬ್ಬರು ಬಸುರಿಯರು ನೋವು ತಿನ್ನುತ್ತಿದ್ದರು. ಅವಳು ಲೂಪೆಯನ್ನು ಮಂಚದ ಮೇಲೆ ಕೂರಿಸಿ, ಉಡುಪು ಬಿಚ್ಚಿಸಿ, ತನ್ನ ಗಡಿಯಾರವನ್ನು ಅಂಗೈಲಿ ಹಿಡಿದುಕೊಂಡು ಮಗುವಿನ ಹೊಟ್ಟೆಯನ್ನು ಒಂದು ನಿಮಿಷ ನೋಡುತ್ತ ನಿಂತಳು.

"ನಲವತ್ತೆಂಟು," ಎಂದಳು. "ಜಾಸ್ತಿ. ಮೂವತ್ತರೊಳಗೆ ಇರ್ಬೇಕು." ಮಗುವಿನ ಬೆರಳಿಗೆ ಒಂದು ಕ್ಲಿಪ್ಪು ಸಿಕ್ಕಿಸಿ ಅದರಲ್ಲಿ ಮೂಡಿದ ಅಂಕಿ ನೋಡಿ, ಆಮ್ಲಜನಕದ ಸಿಲಿಂಡರನ್ನು ಎಳೆದು ತಂದು ಅದರ ಮುಖವಾಡವನ್ನು ಮಗುವಿನ ಮೂಗು ಬಾಯಿಗೆ ಹಾಕಿದಳು. "ಏನಾಯ್ತು? ಯಾರಿದ್ರು ಜೊತೇಲಿ?"

"ನಾನು," ಎಂದಳು ಲೋಸ.

ಎರಡನೆಯ ಸಲ ಹೇಳುವುದು ಸುಲಭವಾಗಿರಬಹುದು ಎಂದುಕೊಂಡಿದ್ದಳು. ಹಾಗಿರಲಿಲ್ಲ. ನರ್ಸು ನಡುನಡುವೆ ತಡೆದು ಕೇಳಿದಳು.

"ನೀರು ಸಿಹೀನಾ, ಉಪ್ಪಾ?"

"ಸಿಹಿ. ಸೋಪಿತ್ತು."

"ಎಷ್ಟು ಗಂಟೆಗೆ?"

"ಗಂಟೆ ನೋಡ್ಲಿಲ್ಲಮ್ಮ. ಸಮುದ್ರ ಪೂರ್ತಿ ಇಳಿದಿತ್ತು. ಕೊಳದ ಆಚೆ ಇರೋ ಚಪ್ಪಟೆ ಬಂಡೆ ಕಾಣ್ತಿತ್ತು."

"ಹಂಗಾದ್ರೆ ಹತ್ತು, ಹತ್ತೂಕಾಲು," ಎಂದು ನರ್ಸು ಬರೆದುಕೊಂಡಳು. ಅವಳೂ ಕಡಲ ಬದಿಯವಳೇ. "ಆಮೇಲೆ ಏನ್ಮಾಡಿದ್ರಿ?"

"ತಲೆಕೆಳಗೆ ಹಿಡಿದು ತಟ್ಟಿದೆ. ಮನೆಗೆ ಬಂದು ಎದೆಗೆ ಎಣ್ಣೆ ತೀಡಿದೆ."

"ತಲೆಕೆಳಗೆ ಹಿಡಿಯೋದು ಬೇಡ ಅಜ್ಜಿ. ಬರೋದು ಹೊಟ್ಟೇಲಿರೋ ನೀರು. ಅದೇ ವಾಂತಿ ಉಸಿರಿನ ಜೊತೆ ಮತ್ತೆ ಒಳಗೆ ಹೋದ್ರೆ ಇನ್ನೂ ಕಷ್ಟ. ಉಸಿರು ಆಡ್ತಿದ್ರೆ ನೆಟ್ಟಗೆ ಕೂರಿಸಿ, ಕೆಮ್ಮೋಕೆ ಬಿಡ್ಬೇಕು. ಉಸಿರೇ ಇಲ್ದಿದ್ರೆ ಬಾಯಿಗೆ ಬಾಯಿಟ್ಟು ಊದ್ಬೇಕು. ಎಣ್ಣೆ ಪರವಾಗಿಲ್ಲ, ಎಣ್ಣೆಯಿಂದ ಏನೂ ಆಗಲ್ಲ. ಒಳ್ಳೇದೂ ಆಗಲ್ಲ."

ಆಸ್ಪತ್ರೆಗೆ ಬಂದ ಮೇಲೆ ಸಿಯೇನಿ ಮೊದಲ ಸಲ ಬಾಯಿ ತೆರೆದಳು. "ನಮ್ಮಕ್ಕ ಹೇಳಿದ್ಳು, ನೀರು ಒಳಗೆ ಹೋದ ಮಕ್ಕಳು ಚೆನ್ನಾಗೇ ಆಡ್ಕೊಂಡಿದ್ದು, ಎರಡು ದಿನ ಬಿಟ್ಟು ನಿದ್ದೇಲೇ ಹೋಗ್ಬಿಡ್ತಾರಂತೆ. ಫೋನಲ್ಲಿ ಓದಿದ್ಳಂತೆ."

"ಆ ಕಥೆ ಹಿಡ್ಕೊಂಡು ತಿಂಗಳಿಗೊಬ್ರು ಬರ್ತಾರೆ," ಎಂದಳು ನರ್ಸು ಮುಖವಾಡದ ಪಟ್ಟಿ ಸರಿಮಾಡುತ್ತ. "ಏನೂ ಇಲ್ದೆ ಇದ್ದ ಮಗೂಗೆ ಎರಡು ದಿನ ಬಿಟ್ಟು ಇದ್ದಕ್ಕಿದ್ದಂಗೆ ಏನೂ ಆಗಲ್ಲ. ತೊಂದ್ರೆ ಇದ್ರೆ ಮೊದಲ ಕೆಲವು ಗಂಟೇಲೇ ಗೊತ್ತಾಗುತ್ತೆ. ಕೆಮ್ಮು ನಿಲ್ಲಲ್ಲ, ಉಸಿರು ಜೋರಾಗುತ್ತೆ, ಪಕ್ಕೆ ಸೇದುತ್ತೆ, ಮಗು ಮಂಕಾಗುತ್ತೆ. ನಿಮ್ಮ ಮಗು ಹೇಳ್ತಾನೇ ಇತ್ತು. ಒಳಗೆ ಹೋಗಿರೋದು ಒಂದು ಗುಟುಕು ಇರ್ಬಹುದು. ಅಷ್ಟಕ್ಕೇ ಶ್ವಾಸಕೋಶ ಒಳಗಡೆ ಊದ್ಕೊಳ್ಳುತ್ತೆ. ಸಿರಪ್ ಕುಡಿಸಿ ಮಲಗಿಸಿದ್ದಿದ್ರೆ ಸಂಜೆ ಹೊತ್ತಿಗೆ ಬೇರೆ ಥರ ಇರ್ತಿತ್ತು." ಆಮೇಲೆ ಲೋಸಳತ್ತ ತಿರುಗಿದಳು. "ಎರಡು ಗಂಟೆ ಯಾಕೆ ಕಾದ್ರಿ?"

ಸಿಯೇನಿ ತಲೆಯೆತ್ತಿ ಅತ್ತೆಯ ಮುಖ ನೋಡಿದಳು. ಅವಳೂ ಇದೇ ಪ್ರಶ್ನೆಯನ್ನು ದಾರಿಯುದ್ದಕ್ಕೂ ಹೊತ್ತು ತಂದಿದ್ದಳೆಂದು ಲೋಸಳಿಗೆ ಆಗ ತಿಳಿಯಿತು.

"ಹೆದರಿಕೆ ಆಯ್ತು," ಎಂದಳು.

"ಮಗೂಗೆ ಏನಾಗುತ್ತೋ ಅಂತಾನಾ?"

"ಅಲ್ಲ. ಇವಳ ಹೆದರಿಕೆ." ಲೋಸ ಹುಬ್ಬೆತ್ತಿ ಸೊಸೆಯನ್ನು ತೋರಿಸಿದಳು. "ಇವಳು ಮೊದಲೇ ಹೇಳಿದ್ಳು, ಬಾಯಿ ಮುಚ್ಚಿಸಿ ತೊಳೀರಿ ಅಂತ. ನಾನು ನಾಲ್ಕು ಜನರ ಮುಂದೆ ನಗಾಡಿದ್ದೆ."

ನರ್ಸಿನ ತುಟಿಯಂಚು ಅಲುಗಿತು. ಅವಳು ಕಷ್ಟಪಟ್ಟು ಅದನ್ನು ಸರಿಮಾಡಿಕೊಂಡಳು. ಸಿಯೇನಿ ನಗಲಿಲ್ಲ. ಆದರೆ ಯಾವುದೋ ಭಾರವಾದ ವಸ್ತುವನ್ನು ಹಿಡಿದಿದ್ದವಳಂತೆ ಬಿಗಿದಿದ್ದ ಅವಳ ಭುಜ ಸ್ವಲ್ಪ ಇಳಿಯಿತು. ಅವಳು ಮಗುವಿನತ್ತ ತಿರುಗಿ ಮುಖವಾಡವನ್ನು ಹಿಡಿದು ಕೂತಳು.

ನರ್ಸು ಹೊರಗೆ ಹೋಗಿ ವೈದ್ಯರೊಡನೆ ಫೋನಿನಲ್ಲಿ ಮಾತಾಡಿ ಬಂದಳು. ಮಗು ನಾಳೆ ಬೆಳಿಗ್ಗೆಯವರೆಗೆ ಇಲ್ಲೇ ಇರಬೇಕು. ಉಸಿರು ಇಳಿಯದಿದ್ದರೆ ಜಲಸಂಧಿಯ ಆಚೆಯ ದೊಡ್ಡಾಸ್ಪತ್ರೆಗೆ ಕಳಿಸಬೇಕಾಗುತ್ತದೆ, ಸಂಜೆಯ ದೋಣಿಗೆ ಹೇಳಿಟ್ಟಿರುತ್ತೇನೆ ಎಂದಳು. ಅಷ್ಟರಲ್ಲಿ ಆಚೆ ಕೋಣೆಯಿಂದ ಯಾರೋ ಅವಳ ಹೆಸರು ಹಿಡಿದು ಕೂಗಿದರು.

"ನನಗಿರೋದು ಎರಡೇ ಕೈ. ಅರ್ಧ ಗಂಟೆಗೊಂದು ಸಲ ಉಸಿರು ಎಣಿಸ್ಬೇಕು. ಯಾರ ಕಣ್ಣು ಚೆನ್ನಾಗಿದೆ?"

ಸಿಯೇನಿ ಮಗುವನ್ನು ತೊಡೆಯ ಮೇಲೆ ಒರಗಿಸಿಕೊಂಡಿದ್ದಳು, ಅವಳ ಕೈಗಳೆರಡೂ ತುಂಬಿದ್ದವು. ನರ್ಸು ಒಂದು ಕ್ಷಣ ಇಬ್ಬರನ್ನೂ ನೋಡಿ, ಗಡಿಯಾರವನ್ನು ಲೋಸಳ ಅಂಗೈಲಿ ಇಟ್ಟಳು. "ಹೊಟ್ಟೆ ಮೇಲೆದ್ರೆ ಒಂದು. ಕೆಂಪು ಮುಳ್ಳು ಒಂದು ಸುತ್ತು ಬರೋವರೆಗೂ. ಮಧ್ಯ ಯಾರು ಮಾತಾಡಿಸಿದ್ರೂ ತಿರುಗಬೇಡಿ. ಇಲ್ಲಿ ಬರೀರಿ." ಔಷಧದ ಪೆಟ್ಟಿಗೆಯ ರಟ್ಟು ಹರಿದು, ಪೆನ್ನಿನ ಜೊತೆ ಕೊಟ್ಟು ಹೋದಳು.

ಮೊದಲ ಸಲ ಲೋಸ ತಪ್ಪು ಮಾಡಿದಳು. ಎಣಿಸುತ್ತ ಎಣಿಸುತ್ತ ತನ್ನ ಉಸಿರೂ ಮಗುವಿನದರ ಜೊತೆ ಓಡತೊಡಗಿತು. ಇಪ್ಪತ್ತಕ್ಕೆ ಬರುವಷ್ಟರಲ್ಲಿ ತಲೆ ಸುತ್ತಿತು. ಎರಡನೆಯ ಸಲ ತನ್ನ ಉಸಿರನ್ನು ಬೇರೆ ಇಟ್ಟುಕೊಂಡು ಎಣಿಸಿದಳು. ನಲವತ್ತಾರು. ರಟ್ಟಿನ ಮೇಲೆ ದೊಡ್ಡದಾಗಿ ಬರೆದಳು. ಅರ್ಧ ಗಂಟೆಯ ಮೇಲೆ ಮತ್ತೆ ನಲವತ್ತಾರು. ಆಮೇಲೆ ನಲವತ್ತೇಳು, ಅದನ್ನು ಬರೆಯಲು ಅವಳಿಗೆ ಮನಸ್ಸಾಗಲಿಲ್ಲ. ಆದರೂ ಬರೆದಳು.

ಇಷ್ಟು ವರ್ಷಗಳಲ್ಲಿ ಅವಳು ಮಕ್ಕಳ ಮಾತನ್ನು ಕೇಳಿಸಿಕೊಂಡಿದ್ದಳು, ಸಾಲುಗಳನ್ನು ತಿದ್ದಿದ್ದಳು. ಎರಡು ಸಾಲುಗಳ ನಡುವೆ ಅವರು ಉಸಿರು ಎಳೆದುಕೊಳ್ಳುವ ಆ ಚಿಕ್ಕ ಜಾಗವನ್ನು ಎಂದೂ ಗಮನಿಸಿರಲಿಲ್ಲ. ಅಲ್ಲಿ ಕೇಳುವಂಥದ್ದು ಏನೂ ಇರಲಿಲ್ಲ. ಈಗ ಬೇರೆ ಏನೂ ಕೇಳುತ್ತಿರಲಿಲ್ಲ, ಅದೊಂದೇ.

ಮೂರು ಗಂಟೆಯ ಹೊತ್ತಿಗೆ ನಲವತ್ತೊಂದಾಯಿತು. ಮೂರೂವರೆಗೆ ಮೂವತ್ತೆಂಟು. ನರ್ಸು ಬೆವರು ಒರೆಸಿಕೊಳ್ಳುತ್ತ ಬಂದು, ಬೆರಳಿನ ಕ್ಲಿಪ್ಪು ನೋಡಿ, ರಟ್ಟು ನೋಡಿ, "ನನಗಿಂತ ನಿಮ್ಮ ಅಕ್ಷರ ಚೆನ್ನಾಗಿದೆ," ಎಂದಳು. "ಆಚೆ ಕೋಣೇಲಿ ಗಂಡು ಮಗು. ಸಂಜೆ ದೋಣಿ ಬೇಡ ಅಂತ ಹೇಳ್ಬಿಡ್ತೀನಿ."

ಸಿಯೇನಿ ಕಣ್ಣು ಮುಚ್ಚಿ ಗೋಡೆಗೆ ತಲೆ ಆನಿಸಿದಳು.

ನಾಲ್ಕು ದಾಟಿದ ಮೇಲೆ ಲೂಪೆ ಎದ್ದಳು. ಮುಖವಾಡವನ್ನು ಕೆಳಗೆಳೆದು ಸುತ್ತ ನೋಡಿ, "ಹಸಿವು," ಎಂದಳು. ಅವಳ ದನಿ ಒಡೆದು ಹೋಗಿತ್ತು. ನರ್ಸು ಒಪ್ಪಿಗೆ ಕೊಟ್ಟ ಮೇಲೆ, ಹೆರಿಗೆಯಾದವಳ ಮನೆಯವರು ತಂದಿದ್ದ ಕೋಕೋ ಹಾಕಿ ಬೇಯಿಸಿದ ಅನ್ನದಲ್ಲಿ ಒಂದು ಬಟ್ಟಲು ಬಂತು. ಲೂಪೆ ನೆಟ್ಟಗೆ ಕೂತು, ನಿಧಾನವಾಗಿ, ಒಂದೊಂದೇ ಚಮಚ ತಿಂದಳು. ಗಲ್ಲಕ್ಕೆಲ್ಲ ಕಂದು ಬಣ್ಣ ಬಳಿದುಕೊಂಡಳು.

"ನಾಳೆ ನಾನು ಹೇಳಲ್ವಾ?" ಎಂದು ಕೇಳಿದಳು.

"ನಾಳೆ ನೀನು ಇಲ್ಲೇ," ಎಂದಳು ನರ್ಸು.

"ಮತ್ತೆ ನನ್ನ ನಾಲ್ಕು ಸಾಲು ಯಾರು ಹೇಳ್ತಾರೆ?"

"ಬೇರೆ ಯಾರಾದ್ರೂ ಹೇಳ್ತಾರೆ," ಎಂದಳು ಲೋಸ. ತಾನು ಕೊಳದಲ್ಲಿ ಪಾಠ ಗಟ್ಟಿ ಮಾಡಿಸಿದ ಹದಿನೈದು ಮಕ್ಕಳ ಸಾಲಿನಲ್ಲಿ ಮೊದಲ ಬಾರಿಗೆ ಒಂದು ಖಾಲಿ ಜಾಗ. ಹಾಗೆಂದು ಯೋಚನೆ ಬಂತು, ಆದರೆ ಅವಳು ನಿರೀಕ್ಷಿಸಿದ್ದಷ್ಟು ಚುಚ್ಚಲಿಲ್ಲ. ಕೋಕೋ ಮೆತ್ತಿದ ಆ ಗಲ್ಲ ಅಗಿಯುತ್ತಿರುವುದನ್ನು ನೋಡುವುದೇ ಸಾಕಷ್ಟು ಕೆಲಸವಾಗಿತ್ತು.

"ಅಮ್ಮ ಮಾಡಿದ ಉಡುಪು?"

"ಅದನ್ನ ಇಲ್ಲೇ ಹಾಕ್ಕೊಂಡು ಕೂತ್ಕೋ," ಎಂದಳು ನರ್ಸು. "ನಾನೂ ನಾಳೆ ಬಿಳೀದೇ ಹಾಕಿರ್ತೀನಿ. ನನಗೆ ವರ್ಷಪೂರ್ತಿ ಬಿಳಿ ಭಾನುವಾರ."

ಲೂಪೆ ನರ್ಸನ್ನು ಮೇಲಿಂದ ಕೆಳಗೆ ನೋಡಿ, ಅದು ತಮಾಷೆಯೋ ನಿಜವೋ ಎಂದು ತೀರ್ಮಾನಿಸಲಾಗದೆ ಇನ್ನೊಂದು ಚಮಚ ತಿಂದಳು. ಅನ್ನ ಮುಗಿದ ಮೇಲೆ ಮತ್ತೆ ಮಲಗಿದಳು. ಈ ಸಲದ ನಿದ್ದೆ ಬೇರೆ ಥರ ಇತ್ತು. ಒಂದು ಕಾಲನ್ನು ತಾಯಿಯ ಮೇಲೆ, ಇನ್ನೊಂದನ್ನು ಅಜ್ಜಿಯ ಮೇಲೆ ಚಾಚಿ, ಇಡೀ ಮಂಚವನ್ನು ತನ್ನದಾಗಿಸಿಕೊಂಡು ಮಲಗಿದ್ದಳು.

ಹೊತ್ತು ಇಳಿಯುತ್ತಿತ್ತು. ಕಿಟಕಿಯಾಚೆ ದೊಡ್ಡ ಎಲೆಗಳ ದೀವಿಹಲಸಿನ ಮರವೊಂದರ ನೆರಳು ಅಂಗಳ ದಾಟಿ ಗೋಡೆ ಹತ್ತಿತ್ತು. ಅಂದು ದೋಣಿ ದಡ ಸೇರಿದರೆ ಮಗುವಿನ ತಂದೆ ನೇರ ಇಲ್ಲಿಗೇ ಬರುವವನಿದ್ದ; ಫಾಲೆ ಸುದ್ದಿ ಮುಟ್ಟಿಸಿದ್ದ. ಅವನಿಗೆ ಮೂರನೆಯ ಸಲ ಹೇಳಬೇಕಾಗುತ್ತದೆ ಎಂದು ಲೋಸಳಿಗೆ ನೆನಪಾಯಿತು. ಹೇಳುತ್ತೇನೆ ಎಂದುಕೊಂಡಳು. ಪಕ್ಕದಲ್ಲಿ ಸಿಯೇನಿ ಕೂತಲ್ಲೇ ತೂಕಡಿಸುತ್ತಿದ್ದಳು. ಮನೆ ಬಿಟ್ಟಾಗಿನಿಂದ ಅವಳು ಅತ್ತೆಯೊಡನೆ ಒಂದು ಮಾತೂ ಆಡಿರಲಿಲ್ಲ. ನೀರಿನ ಲೋಟವನ್ನು ಒಮ್ಮೆ ಇತ್ತ ಸರಿಸಿದ್ದಳು, ಅಷ್ಟೇ. ಲೋಸಳೂ ಮಾತಾಡಿಸಲು ಹೋಗಿರಲಿಲ್ಲ. ಈ ಮೌನ ಬೆಳಗಿನದರಂತಿರಲಿಲ್ಲ. ಇದರೊಳಗೆ ಮುಚ್ಚಿಡುವಂಥದ್ದು ಏನೂ ಉಳಿದಿರಲಿಲ್ಲ.

ಅರ್ಧ ಗಂಟೆಯಾಯಿತು. ಲೋಸ ಗಡಿಯಾರವನ್ನು ಬೆಳಕಿಗೆ ಹಿಡಿದು, ಕೆಂಪು ಮುಳ್ಳು ಮೇಲೆ ಬರುವವರೆಗೆ ಕಾದು, ಮಗುವಿನ ಹೊಟ್ಟೆಯ ಮೇಲೆ ಕಣ್ಣು ನೆಟ್ಟಳು. ಒಂದು. ಎರಡು. ಮೂರು. ಹೊಟ್ಟೆ ಅವಸರವಿಲ್ಲದೆ ಏಳುತ್ತಿತ್ತು, ಅವಸರವಿಲ್ಲದೆ ಇಳಿಯುತ್ತಿತ್ತು. ಪಕ್ಕೆಯ ತೊಗಲು ತನ್ನ ಜಾಗದಲ್ಲೇ ಇತ್ತು.

ಸಿಯೇನಿ ಕಣ್ಣು ತೆರೆದಳು. ಸ್ವಲ್ಪ ಹೊತ್ತು ಅವರಿಬ್ಬರನ್ನೂ ನೋಡಿದಳು.

"ಎಷ್ಟು ಅತ್ತೆ?" ಎಂದು ಕೇಳಿದಳು.

ಲೋಸ ತಿರುಗಲಿಲ್ಲ. ಇರು ಎನ್ನುವಂತೆ ಒಂದು ಬೆರಳೆತ್ತಿದಳು. ತುಟಿ ಮಾತ್ರ ಅಲುಗುತ್ತಿತ್ತು, ಹನ್ನೊಂದು, ಹನ್ನೆರಡು. ಕೆಂಪು ಮುಳ್ಳು ಇನ್ನೂ ಅರ್ಧ ದಾರಿಯಲ್ಲಿತ್ತು.

ಸಿಯೇನಿ ಕಾದಳು.